ಮಿಸಿಸಿಪ್ಪಿ ದಡದ ಸ್ಟೀಮ್‌ವೀಲರ್ಸ್

ಕೇಳುಗ ಮಿತ್ರರಿಗೆ ನಮಸ್ಕಾರ.

ಉತ್ತರದಿಂದ ದಕ್ಷಿಣಕ್ಕೆ ಹರಿಯುವ ಅಮೆರಿಕದ ಮಿಸಿಸಿಪ್ಪಿ ನದಿ ಒಂದೆಡೆ ದಿಕ್ಕು ಬದಲಿಸಿ, ಸ್ವಲ್ಪ ದೂರ ಪೂರ್ವದಿಂದ ಪಶ್ಚಿಮಕ್ಕೆ ಸಾಗುತ್ತದೆ. ಅಲ್ಲಿ ಒಂದು ದಡದಲ್ಲಿ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಮತ್ತು ಬೆಟೆಂಡಾರ್ಫ್, ಎದುರು ದಡದಲ್ಲಿ ಇಲಿನಾಯ್ ರಾಜ್ಯದ ರಾಕ್ ಐಲ್ಯಾಂಡ್ ಮತ್ತು ಮೊಲೀನ್ ಪಟ್ಟಣಗಳಿವೆ. ಇವನ್ನೆಲ್ಲ ಒಟ್ಟಾಗಿ ಕ್ವಾಡ್ ಸಿಟೀಸ್ ಎಂದು ಕರೆಯುವುದು ವಾಡಿಕೆ. ನಮ್ಮ ಹೊಲಗಳಲ್ಲಿ ಓಡಾಡುವ ಜಾನ್ ಡಿಯರ್ ಟ್ರ್ಯಾಕ್ಟರಿನ ಮೂಲ ಕಂಪನಿಯ ಕೇಂದ್ರ ಕಚೇರಿ ಇರುವುದು ಈ ಮೊಲೀನ್‌ನಲ್ಲಿಯೇ. ಇದೇ ಊರಿನ ಒಳಾಂಗಣ ಕ್ರೀಡಾಂಗಣದಲ್ಲಿ 2000ದಿಂದ 2009ರವರೆಗೆ ಆಡಿ ಕಣ್ಮರೆಯಾದ ಕ್ವಾಡ್ ಸಿಟಿ ಸ್ಟೀಮ್‌ವೀಲರ್ಸ್ ಎಂಬ ಫುಟ್‌ಬಾಲ್ ತಂಡದ ಇತಿಹಾಸವೇ ಇಂದಿನ ನನ್ನ ಮಾತಿನ ವಿಷಯ.

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಎರಡು ತುದಿಯೂ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ದೂರಕ್ಕೆ ಎಸೆಯುವ ಅಮೆರಿಕದ ಆಟ. ಬಯಲಿನಲ್ಲಿ ಅದಕ್ಕೆ 100 ಗಜ ಉದ್ದದ ಅಂಕಣ ಮತ್ತು ಪ್ರತಿ ತಂಡಕ್ಕೆ 11 ಆಟಗಾರರು ಬೇಕು. ಅದನ್ನು ಸೂರಿನಡಿಗೆ ತಂದವರು ಜಿಮ್ ಫಾಸ್ಟರ್. 1981ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಳಾಂಗಣ ಕಾಲ್ಚೆಂಡಾಟ ನೋಡುತ್ತ ಕುಳಿತಿದ್ದಾಗ ಅವರಿಗೆ ಈ ಯೋಚನೆ ಹೊಳೆಯಿತು. ಕೈಯಲ್ಲಿದ್ದ ಲಕೋಟೆಯ ಮೇಲೆಯೇ ಅಂಕಣದ ನಕ್ಷೆ ಬರೆದುಕೊಂಡರು. ಉದ್ದ 50 ಗಜ, ಅಗಲ 85 ಅಡಿ, ತಂಡಕ್ಕೆ ಎಂಟು ಜನ. ಗೋಲುಕಂಬಗಳ ಎರಡೂ ಪಕ್ಕದಲ್ಲಿ ಎತ್ತರದ ಬಲೆ ಕಟ್ಟಿರುತ್ತದೆ. ಅದಕ್ಕೆ ಬಡಿದು ಹಿಂದಿರುಗಿದ ಚೆಂಡು ಸತ್ತಂತಲ್ಲ, ಆಟ ಮುಂದುವರಿಯುತ್ತದೆ. ಅಂಕಣದ ಅಂಚಿನಲ್ಲಿ ಮೆತ್ತೆ ಹೊದಿಸಿದ ಮೋಟುಗೋಡೆ, ಅದರಾಚೆಗೆ ಕೈಗೆಟುಕುವಷ್ಟು ಹತ್ತಿರದಲ್ಲಿ ಪ್ರೇಕ್ಷಕರು. ಗೋಡೆ ದಾಟಿ ಬಂದ ಚೆಂಡು ಅದನ್ನು ಹಿಡಿದವರಿಗೇ ಸೇರುತ್ತದೆ. ಆಟಗಾರ ಮತ್ತು ಊರಿನ ಜನರ ನಡುವೆ ಇಷ್ಟು ಸಲಿಗೆ ಇರುವ ಆಟವನ್ನು ನಾನು ಬೇರೆ ಕಂಡಿಲ್ಲ. 1987ರಲ್ಲಿ ನಾಲ್ಕು ತಂಡಗಳ ಅರೀನಾ ಫುಟ್‌ಬಾಲ್ ಲೀಗ್ ಆರಂಭವಾಯಿತು.

ಫಾಸ್ಟರ್ 1995ರಲ್ಲಿ ಅಯೋವಾದಲ್ಲಿ ಬಾರ್ನ್‌ಸ್ಟಾರ್ಮರ್ಸ್ ಎಂಬ ತಂಡ ಕಟ್ಟಿದ್ದರು. ಅಂಗಡಿಯೊಂದರಲ್ಲಿ ಸಾಮಾನು ಜೋಡಿಸುವ ಕೆಲಸ ಮಾಡಿದ್ದ ಕರ್ಟ್ ವಾರ್ನರ್ ಅದರಲ್ಲಿ ಮೂರು ವರ್ಷ ಆಡಿ, ಮುಂದೆ ಬಯಲಿನ ಆಟದ ದೊಡ್ಡ ಲೀಗಾದ ಎನ್.ಎಫ್.ಎಲ್.ಗೆ ಹೋಗಿ, 2000ದ ಜನವರಿಯಲ್ಲಿ ಅದರ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದು ಪಂದ್ಯಶ್ರೇಷ್ಠರೆನಿಸಿದರು. ಅರೀನಾ ಲೀಗ್ ತನ್ನ ಕೆಳಹಂತದ ಎ.ಎಫ್. ಟು ಎಂಬ ಕಿರಿಯ ಲೀಗನ್ನು 15 ತಂಡಗಳೊಂದಿಗೆ ಶುರುಮಾಡಿದ್ದು ಅದೇ ವರ್ಷ. ಆ ಹದಿನೈದರಲ್ಲಿ ಫಾಸ್ಟರ್ ಕಟ್ಟಿದ ಸ್ಟೀಮ್‌ವೀಲರ್ಸ್ ಕೂಡ ಒಂದು. ಮಿಸಿಸಿಪ್ಪಿಯಲ್ಲಿ ಓಡಾಡುತ್ತಿದ್ದ ಚಕ್ರದ ಉಗಿಹಡಗುಗಳನ್ನು ನೆನಪಿಸುವ ಹೆಸರು.

ಮೊದಲ ವರ್ಷ ಆ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ಲೀಗಿನ 16 ಪಂದ್ಯಗಳನ್ನೂ, ನಂತರದ ಮೂರು ನಾಕೌಟ್ ಪಂದ್ಯಗಳನ್ನೂ ಗೆದ್ದು, ಅವುಗಳಲ್ಲಿ ಕೊನೆಯದಾದ ಅಂತಿಮ ಪಂದ್ಯದಲ್ಲಿ ಟೆನೆಸ್ಸೀ ವ್ಯಾಲಿ ವೈಪರ್ಸ್ ತಂಡವನ್ನು 68–59ರಿಂದ ಮಣಿಸಿ ಮೊದಲ ಅರೀನಾ ಕಪ್ ಎತ್ತಿತು. ಮರುವರ್ಷ ರಿಚ್ಮಂಡ್ ಸ್ಪೀಡ್ ವಿರುದ್ಧ 55–51ರ ಗೆಲುವಿನೊಂದಿಗೆ ಕಪ್ ಮತ್ತೆ ಅದರದೇ ಆಯಿತು. ಒಂದೇ ಪಂದ್ಯದಲ್ಲಿ ನೂರಕ್ಕೂ ಹೆಚ್ಚು ಅಂಕಗಳು ಬೀಳುವ, ಒಂದು ತಪ್ಪು ಎಸೆತಕ್ಕೆ ಮುನ್ನಡೆ ಕೈಜಾರುವ ಈ ಆಟದಲ್ಲಿ ಸತತ 19 ಗೆಲುವು ಎಂದರೆ ಎಂಥ ಸಾಧನೆ ಎಂಬುದನ್ನು ಕೇಳುಗರು ದಯವಿಟ್ಟು ಗಮನಿಸಬೇಕು. ಹೀಗೆ ಆಡಿದವರಿಗೆ ಈ ಲೀಗಿನಲ್ಲಿ ಸಿಗುತ್ತಿದ್ದುದು ಪಂದ್ಯಕ್ಕೆ ಸುಮಾರು 200 ಡಾಲರ್ ಮಾತ್ರ.

ನಂತರದ ವರ್ಷಗಳಲ್ಲಿ ಕಪ್ ಮತ್ತೆ ಮೊಲೀನ್‌ಗೆ ಬರಲಿಲ್ಲ. ಆದರೂ ತಂಡ ಮುಚ್ಚಿದ್ದಕ್ಕೆ ಅಂಕಣದ ಸೋಲು ಕಾರಣವಲ್ಲ. 2008ರ ಡಿಸೆಂಬರಿನಲ್ಲಿ ಹಿರಿಯ ಅರೀನಾ ಲೀಗ್ ಮುಂದಿನ ವರ್ಷದ ಆಟವನ್ನೇ ರದ್ದುಮಾಡಿತು. 2009ರ ಆಗಸ್ಟಿನಲ್ಲಿ ದಿವಾಳಿಯಾಯಿತು. ಕಿರಿಯ ಲೀಗ್ ಆ ವರ್ಷದ ಪಂದ್ಯಗಳನ್ನೇನೋ ಪೂರೈಸಿತ್ತು, ಆದರೆ ಅದರ ಅರ್ಧಕ್ಕಿಂತ ತುಸು ಹೆಚ್ಚಿನ ಪಾಲು ಇದ್ದುದು ದಿವಾಳಿಯಾದ ಆ ಹಿರಿಯ ಲೀಗಿನ ಕೈಯಲ್ಲಿ. 2010ಕ್ಕೆ ಆಡುವುದಾಗಿ ಯಾವ ತಂಡವೂ ಗಡುವಿನೊಳಗೆ ಒಪ್ಪದೆ ಹೋದದ್ದರಿಂದ ಸೆಪ್ಟೆಂಬರಿನಲ್ಲಿ ಎ.ಎಫ್. ಟು ಕೂಡ ಕೊನೆಗೊಂಡಿತು. ಕೆಲವು ತಂಡಗಳು ಹೊಸ ಲೀಗುಗಳಲ್ಲಿ ನೆಲೆ ಕಂಡುಕೊಂಡವು. ಸ್ಟೀಮ್‌ವೀಲರ್ಸ್‌ಗೆ ಆ ಭಾಗ್ಯ ಸಿಗಲಿಲ್ಲ. ಹೆತ್ತ ಸಂಸ್ಥೆಯ ಲೆಕ್ಕಪತ್ರ ಕೆಟ್ಟದ್ದಕ್ಕೆ ಅದರ ನೆರಳಲ್ಲಿದ್ದ ಊರಿನ ತಂಡವೊಂದು ಇಲ್ಲವಾದುದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ.

ತಂಡ ಕಳೆದುಕೊಳ್ಳುವುದು ಆ ಊರುಗಳಿಗೆ ಹೊಸದೇನಲ್ಲ. ಇಂದು ಎನ್.ಎಫ್.ಎಲ್. ಆಗಿ ಬೆಳೆದಿರುವ ಲೀಗಿನ ಸದಸ್ಯ ತಂಡವೊಂದು ಆಡಿದ ಮೊಟ್ಟಮೊದಲ ಪಂದ್ಯ ನಡೆದದ್ದು 1920ರ ಸೆಪ್ಟೆಂಬರ್ 26ರಂದು, ರಾಕ್ ಐಲ್ಯಾಂಡಿನ ಡಗ್ಲಸ್ ಪಾರ್ಕಿನಲ್ಲಿ. ಆ ದಿನ ಗೆದ್ದ ಇಂಡಿಪೆಂಡೆಂಟ್ಸ್ ತಂಡ ಅಲ್ಲಿಂದ ಮುಂದೆ ಏಳು ವರ್ಷ ಕೂಡ ಬಾಳಲಿಲ್ಲ. ಬ್ಯಾಸ್ಕೆಟ್‌ಬಾಲಿನಲ್ಲಿ ಅದೇ ಊರುಗಳ ಬ್ಲ್ಯಾಕ್‌ಹಾಕ್ಸ್ ತಂಡ 1951ರಲ್ಲಿ ಮಿಲ್ವಾಕಿಗೆ ಹೊರಟುಹೋಯಿತು. ಇಂದು ಅದರ ಹೆಸರು ಅಟ್ಲಾಂಟಾ ಹಾಕ್ಸ್.

2018ರಲ್ಲಿ ಮೊಲೀನ್‌ನ ಅದೇ ಕ್ರೀಡಾಂಗಣದಲ್ಲಿ ಹೊಸದೊಂದು ಒಳಾಂಗಣ ಫುಟ್‌ಬಾಲ್ ತಂಡ ಆಡತೊಡಗಿತು. ಲೀಗ್ ಬೇರೆ, ಆಟಗಾರರು ಬೇರೆ. ಹೆಸರು ಮಾತ್ರ ಹಳೆಯದೇ: ಕ್ವಾಡ್ ಸಿಟಿ ಸ್ಟೀಮ್‌ವೀಲರ್ಸ್.

ನಮಸ್ಕಾರ.