ಎಂಜಿನ್‌ಗಾಗಿ ಕಾದ ಮಾರುತ್

ಸುರಂಜನ್ ದಾಸ್ ರಸ್ತೆಯಲ್ಲಿ ದಿನಾ ಓಡಾಡುವವರು ಈ ಸಭೆಯಲ್ಲಿ ತುಂಬಾ ಜನ ಇದ್ದೀರಿ. ಆ ಹೆಸರು ನಮ್ಮ ಮಾರುತ್ ಯುದ್ಧವಿಮಾನವನ್ನು ಹಾರಿಸಿ ಪರೀಕ್ಷಿಸಿದ ಟೆಸ್ಟ್ ಪೈಲಟ್‌ದು ಅಂತ ನಿಮಗೆ ಗೊತ್ತು, ಹಾಗಾಗಿ ಉದ್ದ ಪೀಠಿಕೆ ಬೇಡ. ನಾನು ಹೇಳಲು ಬಂದದ್ದು ಒಂದೇ ಮಾತು. ಎಂಜಿನ್ ಮಾಡಬೇಕಾದ ಕೆಲಸವನ್ನು ಪೈಲಟ್‌ನ ಧೈರ್ಯದಿಂದ ಮಾಡಿಸಬಾರದು.

ಎರಡನೇ ಮಹಾಯುದ್ಧದ ಫೊಕೆ-ವುಲ್ಫ್ 190 ಯುದ್ಧವಿಮಾನದ ಖ್ಯಾತಿಯ ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ 1956ರಲ್ಲಿ ಭಾರತಕ್ಕೆ ಬಂದರು. ವಿಮಾನ ಕಟ್ಟುವ ನಮ್ಮ ಎಚ್‌ಎಎಲ್‌ನಲ್ಲಿ ಅವರು ಮಾರುತ್ ವಿನ್ಯಾಸಕ್ಕೆ ಕೂತರು. ಅವರ ಮುಂದಿಟ್ಟ ಗುರಿ ಶಬ್ದದ ವೇಗದ ಎರಡು ಪಟ್ಟು. ಅದಕ್ಕೆ ಮೊದಲು ಹಾರಿದ್ದು ಏನು ಗೊತ್ತಾ? ಮರದ ಗ್ಲೈಡರ್! ಮಾರುತ್‌ನದೇ ಪೂರ್ತಿ ಅಳತೆ, ಎರಡು ಸೀಟು, ಎಂಜಿನ್ ಇಲ್ಲ. 1959ರಲ್ಲಿ ಡಕೋಟಾ ವಿಮಾನ ಅದನ್ನು ಹಗ್ಗದಲ್ಲಿ ಎಳೆದುಕೊಂಡು ಮೇಲೇರುತ್ತಿತ್ತು. ಹಗ್ಗ ಬಿಟ್ಟ ಮೇಲೆ ಪೈಲಟ್ ಉಂಟು, ಗಾಳಿ ಉಂಟು. ಹಿಂದಕ್ಕೆ ಬಾಗಿದ ಆ ರೆಕ್ಕೆ ಇದ್ದದ್ದು ವೇಗಕ್ಕೆ, ಹದ್ದಿನ ಹಾಗೆ ತೇಲುವುದಕ್ಕಲ್ಲ. ಇಳಿಯುವಾಗ ಅಂದಾಜು ತಪ್ಪಿದರೆ ಇನ್ನೊಂದು ಸುತ್ತು ಹಾಕಿ ಬರುವ ಮಾತೇ ಇಲ್ಲ. ಕೆಳಗಿಳಿದ ಮೇಲೆ ಕೂತು, ವೇಗ ಇಳಿಸಿದಾಗ ಏನಾಯಿತು, ವಿಮಾನ ತಿರುಗಿಸುವ ಸ್ಟಿಕ್ ಎಷ್ಟು ಭಾರ ಇತ್ತು, ಎಲ್ಲ ಬಿಡಿಸಿ ಹೇಳಬೇಕು. ಟೆಸ್ಟ್ ಪೈಲಟ್ ಅಂದರೆ ಸುಮ್ನೆ ಗಂಡೆದೆಯವನಲ್ಲ. ಅವನ ಸಾಕ್ಷಿಯ ಮೇಲೆ ವಿನ್ಯಾಸ ನಿಲ್ಲುತ್ತದೆ.

1961ರ ಜೂನ್ 17ರಂದು ದಾಸ್ ಅಸಲಿ ಮಾರುತ್ ಹಾರಿಸಿದರು. ಒಳಗಿದ್ದದ್ದು ಎರಡು ಆರ್ಫಿಯಸ್ 703 ಜೆಟ್ ಎಂಜಿನ್. ಬೇಕಿದ್ದದ್ದು ಇನ್ನೂ ಬಲವಾದ ಆರ್ಫಿಯಸ್ 12. ಬ್ರಿಟನ್ನಿನಲ್ಲಿ ಅದರ ಕೆಲಸ ನಿಂತಿತು, ನಾವೂ ದುಡ್ಡು ಹಾಕಲಿಲ್ಲ. ಎಷ್ಟು ಚೆಂದದ ಮೈಕಟ್ಟು! ಆದರೂ ಮಟ್ಟಸ ಹಾರಾಟದಲ್ಲಿ ಶಬ್ದದ ವೇಗ ದಾಟಲು ತಿಣುಕಾಡಬೇಕಿತ್ತು. ಈಜಿಪ್ಟಿನ ಇ-300 ಎಂಜಿನ್ ಕೈಗೂಡಬಹುದು ಅಂತ ಕಾದೆವು. ಅದರ ಪರೀಕ್ಷೆಗೆ ಒಂದು ಮಾರುತ್ ಅನ್ನೇ ಈಜಿಪ್ಟಿನ ಹೆಲ್ವಾನ್‌ಗೆ ಕಳಿಸಿದೆವು. ಅದೂ ಆಗಲಿಲ್ಲ.

ಕೊನೆಗೆ ಇದ್ದ ಎಂಜಿನ್‌ಗೇ ಆಫ್ಟರ್‌ಬರ್ನರ್ ಜೋಡಿಸಿದರು. ಎಂಜಿನ್ ಒಳಗೆ ತಿರುಗುವ ಟರ್ಬೈನ್ ದಾಟಿ ಬರುವ ಬಿಸಿಗಾಳಿಗೆ ಮತ್ತೆ ಇಂಧನ ಚಿಮ್ಮಿಸಿ ಉರಿಸುವ ಏರ್ಪಾಡು ಅದು. ನೂಕುಬಲ ಹೆಚ್ಚುತ್ತದೆ ನಿಜ. ಆದರೆ ಅದನ್ನು ಹಿಡಿಸಲು ವಿಮಾನದ ಹಿಂಭಾಗ ದಪ್ಪ ಮಾಡಬೇಕಾಯಿತು, ಗಾಳಿಯ ತಡೆಯೂ ಜಾಸ್ತಿಯಾಯಿತು. 1970ರ ಜನವರಿ 10ರಂದು, ಇದೇ ಬೆಂಗಳೂರಿನಲ್ಲಿ, ಆ ವಿಮಾನ ಮೇಲೇರುವಾಗಲೇ ಬಿತ್ತು. ಗ್ರೂಪ್ ಕ್ಯಾಪ್ಟನ್ ದಾಸ್ ತೀರಿಕೊಂಡರು. ಅಪಘಾತಕ್ಕೆ ಎಂಜಿನ್ನೇ ಕಾರಣ ಅಂತ ನಾನು ಹೇಳುತ್ತಿಲ್ಲ. ಸರಿಯಾದ ಎಂಜಿನ್ ಇದ್ದಿದ್ದರೆ ಆ ಪ್ರಯೋಗವೇ ಬೇಕಿರಲಿಲ್ಲ, ಅಲ್ವಾ?

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮಾರುತ್ ಆದಮೇಲೆ ನಾವು ಕಟ್ಟಿದ ಯುದ್ಧವಿಮಾನ ತೇಜಸ್ ಬಗ್ಗೆ ತುಂಬಾ ಹೇಳಬೇಕಿತ್ತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಅದನ್ನು ಹಾರಿಸಿದರು. 2003ರಲ್ಲಿ ಅದು ಶಬ್ದದ ವೇಗ ದಾಟಿತು. ಎಂಜಿನ್ ಮಾತ್ರ ಅಮೆರಿಕದ ಎಫ್-404. ನಮ್ಮ ಕಾವೇರಿ ಎಂಜಿನ್ ಅದರೊಳಗೆ ಕೂರಲಿಲ್ಲ. ಮತ್ತೆ ಅದೇ ಮಾತಿಗೆ ಬಂದೆ, ಬರಲೇಬೇಕು. ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಟರ್ಬೈನ್ ಬ್ಲೇಡಿನ ಲೋಹದ ಕೆಲಸದಲ್ಲಿ ಆಸಕ್ತಿ ಇದ್ದರೆ, ಕಾಫಿ ಹೊತ್ತಿಗೆ ನನ್ನ ಹತ್ತಿರ ಬನ್ನಿ, ಕೂತು ಮಾತಾಡೋಣ.