ಅಕಿಹಬಾರಾದಲ್ಲಿ ಫೆಯ್ ಲಾಂಗ್ ಜೊತೆ ಒಂದ್ ಸಂಜೆ

ಹಾಂ, ಇದೇ ಮೆಷೀನು, ಕಾಸು ಹಾಕಿ ಆಡೋ ವಿಡಿಯೋ ಗೇಮು. ಟೋಕಿಯೊದ ಅಕಿಹಬಾರಾ, ಗೇಮ್ ಸೆಂಟರ್‌ನ ಮೂರನೇ ಮಹಡಿ. ಇಲ್ಲಿಯವ್ರು ವಿಡಿಯೋಗೆ ಒಪ್ಪಿಗೆ ಕೊಟ್ರು, ಆದ್ರೆ ಬೇರೆಯವ್ರ ಮುಖ ಬರ್ಬಾರ್ದು ಅಂದ್ರು. ಹಾಗಾಗಿ ಸ್ಕ್ರೀನು, ನನ್ ಕೈ, ಅಷ್ಟೇ.

ಇವ್ನೇ ಫೆಯ್ ಲಾಂಗ್, ಸೂಪರ್ ಸ್ಟ್ರೀಟ್ ಫೈಟರ್ 2 ಅನ್ನೋ ಹೊಡೆದಾಟದ ಆಟದ ಪಾತ್ರ. ಬರಿಮೈ, ಕಪ್ಪು ಪ್ಯಾಂಟು, ಆ ಕೀರಲು ಕೂಗು. ಯಾರ ಅಚ್ಚು ಅಂತ ಹೇಳ್ಬೇಕಾ? ಬ್ರೂಸ್ ಲೀದೇ. ಬ್ರೂಸ್ ಲೀ ತೀರ್ಕೊಂಡಿದ್ದು 1973ರ ಜುಲೈ 20ಕ್ಕೆ, ಬರೀ 32 ವರ್ಷಕ್ಕೆ. ಈ ಆಟ ಬಂದಿದ್ದು 1993ಕ್ಕೆ. ಇಪ್ಪತ್ ವರ್ಷ ಆದ್ರೂ ಆ ಮನುಷ್ಯನ್ನ ಆಟ ಮಾಡ್ದೋರಿಗೆ ಬಿಡೋಕಾಗಿಲ್ಲ. ಆಟದಲ್ಲೂ ಇವ್ನು ಹಾಂಗ್‌ಕಾಂಗ್ ಸಿನಿಮಾ ನಟನೇ.

ಇಲ್ನೋಡಿ, ನಂಗೆ ಉರಿದಿದ್ದೇ ಇಲ್ಲಿ. ಕಿಕ್ ಬಟನ್ ಒತ್ತಿದ್ರೆ ಒಳಗೇ ಕೂತ್ಬಿಡುತ್ತೆ, ಮೇಲಕ್ಕೇ ಬರಲ್ಲ. ಉಗುರು ಹಾಕಿ ಎಬ್ಬಿಸ್ಬೇಕು. ಅಷ್ಟ್ರಲ್ಲಿ ಎದುರಿನವ್ನು ಮೂರ್ ಏಟು ಕೊಟ್ಟಿರ್ತಾನೆ. ಫೆಯ್ ಲಾಂಗ್ ಅಂದ್ರೆ ಆ ಬೆಂಕಿ ಒದೆತ, ಅದೇ ಇಲ್ಲ ಅಂದ್ರೆ ಏನಾಡೋದು? ಒಂದ್ ಆಟಕ್ಕೆ 100 ಯೆನ್. ಸರಿಹೋಗುತ್ತೇನೋ ಅಂತ ಐದ್ ಸಲ ಹಾಕ್ದೆ. 500 ಯೆನ್‌ಗೆ ಇಲ್ಲಿ ಒಂದ್ ಹೊತ್ತಿನ ಊಟನೇ ಆಗೋಗುತ್ತೆ! ಕೊನೆಗೆ ಇಲ್ಲಿ ಕೆಲ್ಸ ಮಾಡೋ ಹುಡ್ಗನ್ನ ಕರ್ದೆ. ಬಂದ, ತಲೆಬಗ್ಗಿಸಿ ಕ್ಷಮೆ ಕೇಳ್ದ, ಬೀಗ ತೆಗ್ದು ಆ ಪುಟಾಣಿ ಸ್ಪ್ರಿಂಗನ್ನ ಬಟ್ಟೇಲಿ ಒರಸಿ ಕೂರಿಸ್ದ. ಒಂದ್ ಆಟ ಸುಮ್ನೆ ಕೊಟ್ಟ. ಆಮೇಲೆ ಸಿಟ್ಟೆಲ್ಲ ಇಳೀತು.

ಪಕ್ಕದ್ದು ಟೆಕ್ಕೆನ್, ಇನ್ನೊಂದು ಹೊಡೆದಾಟದ ಆಟ. ಅದ್ರಲ್ಲಿರೋ ಮಾರ್ಷಲ್ ಲಾ, ಇವ್ನೂ ಬ್ರೂಸ್ ಲೀನೇ. ಬರೀ ನಕಲು, ನಂಗೆ ಹಿಡಿಸಲ್ಲ. ಅಲ್ಲ, ತಡೀರಿ, ಇವ್ನು ಹೋಟೆಲ್ ನಡೆಸ್ತಾನೆ, ಮಗ ಇದಾನೆ. ಹೊಟ್ಟೆಪಾಡಿಗೆ ಹೊಡೆದಾಡೋ ಬ್ರೂಸ್ ಲೀ! ಇಷ್ಟ ಆಗ್ದೆ ಹೇಗಿರುತ್ತೆ?

ಆದ್ರೂ ನನ್ ಓಟು ಇದೇ ಟೆಕ್ಕೆನ್‌ನ ಲೇ ವುಲಾಂಗ್‌ಗೇ. ಪೊಲೀಸು, ಜಾಕಿ ಚಾನ್ ಅಚ್ಚು. ನೋಡಿ, ವೈರಿಗೆ ಬೆನ್ನು ತೋರಿಸ್ಕೊಂಡು ನಿಂತಿದಾನೆ. ಈಗ ಮಲಗ್ದ. ಮಲಗಿದ್ದೋನು ಅಲ್ಲಿಂದ್ಲೇ ಒದ್ದ! ಕುಡಿದೋರ ಥರ ತೂರಾಡ್ತಾನೆ, ಹಾವು, ಹುಲಿ, ಕೊಕ್ಕರೆ ಎಲ್ಲಾ ಆಗ್ತಾನೆ. ಬ್ರೂಸ್ ಲೀನ ನಕಲು ಮಾಡ್ದೋರು ಮೈ, ಕೂಗು ತಗೊಂಡ್ರು. ಜಾಕಿದು ಮಾಡ್ದೋರು ಬೀಳೋ ವಿದ್ಯೆನೇ ಕಲ್ತ್ರು. ಅದು ಕಷ್ಟ.

ನಮ್ಮೂರ ಕರಾಟೆ ಕ್ಲಾಸಲ್ಲೂ ಗೋಡೆ ಮೇಲೆ ಬ್ರೂಸ್ ಲೀ ಪೋಸ್ಟರೇ ಇತ್ತು, ಮೂಲೆ ಹರಿದಿತ್ತು, ದಿನಾ ಅದಕ್ಕೆ ಕೈಮುಗಿದು... ಅಯ್ಯೋ, ಟೈಮ್ ಓಡ್ತಿದೆ! ಕೊನೇ ರೌಂಡು. ಬಟನ್ ಎದ್ದಿದೆ, ಹಾ, ಒದ್ದ!