ಗೇಮಿಂಗ್ ಮೌಸಿನ ಸೆನ್ಸರ್ ಪರೀಕ್ಷೆ: ಒಂದು ಸ್ಕೇಲು, ನಾಲ್ಕು ಸಿಡಿ, ತೀರ್ಥಹಳ್ಳಿ ಮಳೆ

ಹೆಂಚಿನ ಮೇಲೆ ಮಳೆ ಸದ್ದು ಮೈಕಿಗೂ ಕೇಳ್ತಿದೆ. ತೀರ್ಥಹಳ್ಳಿಯಲ್ಲಿ ಜುಲೈ ಅಂದ್ರೆ ಹೀಗೇ, ಸ್ವಲ್ಪ ಸುಧಾರಿಸಿಕೊಳ್ಳಿ. ಮೇಜಿನ ಮೇಲೆ ಏನಿದೆ ನೋಡಿ: ಒಂದು ಗೇಮಿಂಗ್ ಮೌಸ್, ಬಟ್ಟೆಯ ಪ್ಯಾಡ್, ಸ್ಟೀಲ್ ಸ್ಕೇಲು, ನಾಲ್ಕು ಹಳೇ ಸಿಡಿ, ಮೂರು ಮರದ ಪಟ್ಟಿ. ಸೆನ್ಸರ್ ಹೇಗಿದೆ ಅಂತ ನೋಡೋಕೆ ಇಷ್ಟು ಸಾಕು.

ಡಬ್ಬದ ಮೇಲೆ ದಪ್ಪಕ್ಷರದಲ್ಲಿ 26,000 ಡಿಪಿಐ ಅಂತ ಇರುತ್ತಲ್ಲ, ಅದನ್ನ ಆಚೆಗಿಡಿ. ಅಷ್ಟರಲ್ಲಿ ಯಾರೂ ಆಡಲ್ಲ. ಸೆನ್ಸರ್ ಒಂದು ಪುಟಾಣಿ ಕ್ಯಾಮೆರಾ. ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆದು, ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಪ್ಯಾಡಿನ ನೇಯ್ಗೆ ಎಷ್ಟು ಸರಿದಿದೆ ಅಂತ ಲೆಕ್ಕ ಹಾಕುತ್ತೆ. ಒಂದು ಇಂಚು ಸರಿದರೆ ಎಷ್ಟು ಕೌಂಟ್ ಕಳಿಸುತ್ತೆ ಅನ್ನೋದೇ ಡಿಪಿಐ. 800 ಅಂತ ಇಟ್ಟರೆ ನಿಜಕ್ಕೂ 800 ಬರುತ್ತಾ? ಮೊದಲು ನೋಡಬೇಕಾದ್ದು ಅದು.

ಮೌಸ್‌ಟೆಸ್ಟರ್ ಅನ್ನೋ ಉಚಿತ ವಿಂಡೋಸ್ ಪ್ರೋಗ್ರಾಂ ತೆರೆಯಿರಿ. ಪ್ಯಾಡಿನ ಮೇಲೆ ಒಂದು ಪಟ್ಟಿಯನ್ನ ಅಡ್ಡಡ್ಡ ಅಂಟಿಸಿ, ಮೌಸಿನ ಮೂಗು ಅದಕ್ಕೆ ಒರಗಿಕೊಂಡೇ ಸರೀಬೇಕು. ಎಡಕ್ಕೊಂದು, ಬಲಕ್ಕೊಂದು ಪಟ್ಟಿ ತಡೆಗೆ. ಇಲ್ಲೇ ಹೆಚ್ಚಿನವರು ಎಡವೋದು: ಎರಡು ತಡೆಗಳ ನಡುವೆ 20 ಸೆಂಟಿಮೀಟರ್ ಬಿಡ್ತಾರೆ. ಮೌಸಿನ ಅಗಲ ಎಲ್ಲಿ ಹೋಯ್ತು? ಮೌಸ್ 6.5 ಸೆಂಟಿಮೀಟರ್ ಅಗಲ ಇದ್ದರೆ ನಡುವೆ 26.5 ಬಿಡಬೇಕು, ಆಗ ಸರಿಯೋದು ಸರಿಯಾಗಿ 20.

ಕಲೆಕ್ಟ್ ಒತ್ತಿ, ಎಡ ಬಟನ್ ಹಿಡಿದು, ಈ ತಡೆಯಿಂದ ಆ ತಡೆಗೆ ತಳ್ಳಿ, ಬಿಡಿ. 20 ಸೆಂಟಿಮೀಟರ್ ಅಂದ್ರೆ 7.874 ಇಂಚು, 800ರಿಂದ ಗುಣಿಸಿದರೆ 6299 ಕೌಂಟ್ ಬರಬೇಕು. 6600 ಬಂತು ಅಂದ್ಕೊಳ್ಳಿ, ಆಗ ನಿಮ್ಮ ಮೌಸಿನ ಅಸಲಿ ಡಿಪಿಐ 838. ಹತ್ತು ಸಲ ತಳ್ಳಿ ಸರಾಸರಿ ತೆಗೀರಿ. ಶೇಕಡ 3ರೊಳಗೆ ವ್ಯತ್ಯಾಸ ಇದ್ರೆ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕಿಂತ ಹೆಚ್ಚಿದ್ದು, ಸಾಫ್ಟ್‌ವೇರಿನಲ್ಲಿ 50ರ ಮೆಟ್ಟಿಲು ಸಿಗುತ್ತೆ ಅಂದ್ರೆ 750ಕ್ಕೆ ಇಳಿಸಿ. 838ರ ಮೌಸು 786ಕ್ಕೆ ಬಂದು ನಿಲ್ಲುತ್ತೆ.

ವೈ ಕೌಂಟ್, ಅಂದ್ರೆ ಮೌಸ್ ಹಿಂದೆ ಮುಂದೆ ಸರಿದ ಲೆಕ್ಕ, ಅದರ ಕಡೆಗೂ ಒಂದು ಕಣ್ಣಿರಲಿ. ಅಡ್ಡ ತಳ್ಳಿದಾಗ ಅದು ಸೊನ್ನೆಯ ಹತ್ತಿರ ಇರಬೇಕು. 550ರಷ್ಟು ತೋರಿಸಿದ್ರೆ ಮೌಸ್ ಸುಮಾರು 5 ಡಿಗ್ರಿ ವಾರೆಯಾಗಿದೆ ಅಂತ ಅರ್ಥ. ಸೆನ್ಸರಿನ ತಪ್ಪಲ್ಲ, ಮೌಸನ್ನ ಪಟ್ಟಿಗೆ ನೇರ ಮಾಡಿ.

ಇನ್ನು ವೇಗ. ಅದೇ ತಡೆಗಳ ನಡುವೆ ನಿಧಾನವಾಗಿ ಹೋಗಿ, ರಪ್ಪಂತ ವಾಪಸ್ ತನ್ನಿ. ಹೋದ ಕೌಂಟು, ಬಂದ ಕೌಂಟು ಹೆಚ್ಚುಕಮ್ಮಿ ಒಂದೇ ಇರಬೇಕು. ಇಲ್ಲಾಂದ್ರೆ ಆಕ್ಸಿಲರೇಷನ್ ಇದೆ, ಅಂದ್ರೆ ಕೈ ವೇಗ ಬದಲಾದ ಹಾಗೆ ಕೌಂಟೂ ಬದಲಾಗ್ತಿದೆ ಅಂತ ಲೆಕ್ಕ. ಮೌಸ್‌ಟೆಸ್ಟರ್ ತೋರಿಸೋ ಗ್ರಾಫಿನಲ್ಲಿ ಚುಕ್ಕಿಗಳು ನಮ್ಮ ಗುಡ್ಡದ ಇಳಿಜಾರಿನ ಹಾಗೆ ನುಣ್ಣಗೆ ಏರಿ ಇಳೀಬೇಕು. ನಡುವೆ ದಿಢೀರಂತ ಸೊನ್ನೆಗೆ ಬಿದ್ದರೆ ಸೆನ್ಸರ್ ದಾರಿ ತಪ್ಪಿದೆ. ಹಳೇ ಪಿಎಂಡಬ್ಲ್ಯು 3360 ಸೆನ್ಸರಿಗೇ 250 ಐಪಿಎಸ್ ಮಿತಿ, ಅಂದ್ರೆ ಸೆಕೆಂಡಿಗೆ 250 ಇಂಚು, 6 ಮೀಟರಿಗೂ ಹೆಚ್ಚು. ಪಿಎಡಬ್ಲ್ಯು 3395ಕ್ಕೆ 650. ಅಷ್ಟು ಜೋರಾಗಿ ಕೈ ಬೀಸಿದ್ರೆ ಮೌಸ್ ಅಂಗಳದಲ್ಲಿರುತ್ತೆ.

ಸಿಡಿ ಯಾಕೆ ಅಂದ್ರೆ, ಮೌಸ್ ಎಷ್ಟು ಮೇಲೆತ್ತಿದ ಮೇಲೂ ಸೆನ್ಸರ್ ಓದುತ್ತೆ ಅಂತ ನೋಡೋಕೆ; ಅದರ ದಪ್ಪ 1.2 ಮಿಲಿಮೀಟರ್. ಮುಂದಿನ ಪಾದದಡಿ ಒಂದು, ಹಿಂದಿನ ಪಾದದಡಿ ಒಂದು ಇಟ್ಟು, ಸೆನ್ಸರಿನ ಕಿಂಡಿ ಪ್ಯಾಡನ್ನೇ ನೋಡೋ ಹಾಗೆ ಬಿಡಿ. ಕೆಳಗಿನ ಪ್ಯಾಡನ್ನ ಮೆಲ್ಲಗೆ ಎಳೀರಿ. ಒಂದೊಂದು ಸಿಡಿಗೆ ಪಾಯಿಂಟರ್ ಓಡಿದ್ರೂ ಪರವಾಗಿಲ್ಲ; ಎರಡೆರಡು ಪೇರಿಸಿದ ಮೇಲೂ ಓಡಿದ್ರೆ ಆ ಎತ್ತರ, ಅಂದ್ರೆ ಲಿಫ್ಟ್ ಆಫ್ ದೂರ, ಜಾಸ್ತಿ; ಮೌಸ್ ಎತ್ತಿ ಇಡುವಾಗ ಗುರಿ ಜಾರುತ್ತೆ. ಸಿಡಿ ಬದಲು ಅಡಿಕೆ ಹಾಳೆ ತುಂಡು ಇಡೋಣ ಅಂತ ಯಾರಿಗಾದ್ರೂ ಅನ್ನಿಸಬಹುದು. ಬೇಡ, ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು.

ಮಲೆನಾಡಿನಲ್ಲಿ ಸೆನ್ಸರಿಗಿಂತ ಕಾಟ ಕೊಡೋದು ಪ್ಯಾಡು. ಮಳೆಗಾಲದಲ್ಲಿ ಬಟ್ಟೆ ಪ್ಯಾಡ್ ತೇವ ಹೀರಿ ಮೌಸನ್ನ ಹಿಡ್ಕೊಳ್ಳುತ್ತೆ; ಸೆನ್ಸರ್ ಸೋಮಾರಿ ಅನ್ನಿಸೋದು ಅದಕ್ಕೇ. ಕೌಂಟ್ ಸರಿ ಇದ್ದೂ ಕೈಗೆ ಭಾರ ಅನ್ನಿಸಿದ್ರೆ ಪ್ಯಾಡ್ ಒಣಗಿಸಿ. ಕೆಂಪು ಗಾರೆ ನೆಲದ ಮೇಲೆ ಕೂತು ಆಡೋರಿದ್ದೀರಿ. ಆ ಹೊಳಪಿನಲ್ಲಿ ಕ್ಯಾಮೆರಾಕ್ಕೆ ಗುರುತು ಹಿಡಿಯೋಕೆ ಏನೂ ಸಿಗಲ್ಲ, ಪಾಯಿಂಟರ್ ಹಾರುತ್ತೆ. ಕಿಂಡಿಯಲ್ಲಿ ಕೂದಲು, ಅಡಿಕೆ ಸುಲಿಯೋ ಕಾಲದ ಧೂಳು ಇದ್ರೆ ರಬ್ಬರ್ ಬ್ಲೋಯರಿನಿಂದ ಊದಿ. ಬಾಯಿಂದ ಬೇಡ, ಲೆನ್ಸಿಗೆ ಹಬೆ ಕೂರುತ್ತೆ.

ಕೊನೆಗೆ ಪೋಲಿಂಗ್, ಅಂದ್ರೆ ಮೌಸ್ ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ವರದಿ ಕಳಿಸುತ್ತೆ ಅನ್ನೋದು. 1000 ಹರ್ಟ್ಸ್‌ನಲ್ಲಿ ಇಂಟರ್‌ವಲ್ ಗ್ರಾಫಿನ (ಎರಡು ವರದಿಗಳ ನಡುವಿನ ಸಮಯ ತೋರಿಸೋದು) ಚುಕ್ಕಿಗಳು 1 ಮಿಲಿಸೆಕೆಂಡಿನ ಗೆರೆಗೆ ಅಂಟಿಕೊಂಡಿರಬೇಕು, 2ಕ್ಕೆ ಹಾರಿದವು ತಪ್ಪಿಹೋದ ವರದಿ. ವೈರ್‌ಲೆಸ್ ಆದ್ರೆ ಮೌಸಿನ ಸಿಗ್ನಲ್ ಹಿಡಿಯೋ ಡಾಂಗಲನ್ನ ಸಿಪಿಯು ಹಿಂದುಗಡೆಯ ಯುಎಸ್‌ಬಿ 3 ಪೋರ್ಟಿಂದ ತೆಗೆದು, ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮೌಸಿನ ಹತ್ತಿರ ತನ್ನಿ. ಆ ಪೋರ್ಟಿನ ಗದ್ದಲ 2.4 ಗಿಗಾಹರ್ಟ್ಸ್ ಸಿಗ್ನಲ್ಲಿಗೆ ಅಡ್ಡ ಬರುತ್ತೆ. ಲ್ಯಾಪ್‌ಟಾಪನ್ನ ಚಾರ್ಜರಿಗೆ ಹಾಕಿಯೇ ಅಳೀರಿ. ಬ್ಯಾಟರಿಯಲ್ಲಿ ಅದು ಶಕ್ತಿ ಉಳಿಸೋಕೆ ಹೊರಟ್ರೆ ಚುಕ್ಕಿ ಚೆದುರುತ್ತೆ, ಬೈಗುಳ ಮೌಸಿಗೆ ಬೀಳುತ್ತೆ. ನೋಡಿ, ಹೇಳ್ತಿದ್ದ ಹಾಗೇ ಕರೆಂಟ್ ಹೋಯ್ತು. ಈ ಒಂದು ಗ್ರಾಫ್ ಕರೆಂಟ್ ಬಂದ ಮೇಲೆ ತೆಗೆಯೋಣ.